ಮೊದಲು ಲೆಕ್ಕ ತೋರಿಸಲಿ, ಆಮೇಲೆ ವಸೂಲಿಯ ಮಾತು



ಪಿಎಂ ಕಿಸಾನ್ ಸಮ್ಮಾನ್ ನಿಧಿ ಎಂಬ ಹೆಸರಿನಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಎರಡೆರಡು ಸಾವಿರದಂತೆ ಬಂದ ಹಣವನ್ನು "ನೀವು ಅನರ್ಹರು, ವಾಪಸ್ ಕಟ್ಟಿ" ಎಂದು ಕೇಳುವ ನೋಟೀಸುಗಳು 2020ರಿಂದೀಚೆಗೆ ಹಳ್ಳಿಗಳಿಗೆ ಬರತೊಡಗಿವೆ. ಕೆಲವರಿಗೆ ನೋಟೀಸೂ ಇಲ್ಲ. ಫೋನಿನಲ್ಲಿ "ದುಡ್ಡು ಕಟ್ಟಿಬಿಡಿ, ಇಲ್ಲದಿದ್ರೆ ಮುಂದೆ ಯಾವ ಸೌಲಭ್ಯವೂ ಸಿಗಲ್ಲ" ಅಂತ ಬಾಯಿಮಾತಿನ ತಗಾದೆ. ನಮ್ಮ ಜನ ಏನು ಮಾಡ್ತಾರೆ? ನಾಲ್ಕು ಜನರ ಮುಂದೆ ಮಾನ ಹೋಗುತ್ತಲ್ಲ ಅಂತ ಅಂಜಿ, ಒಂದೆರಡು ಕುರಿ ಮಾರಿಯೋ, ನೆಂಟರ ಹತ್ತಿರ ಕೈಗಡ ತಂದೋ ಕಟ್ಟಿ ಬರ್ತಾರೆ. ಯಾಕೆ ಕಟ್ಟಿದಿರಿ, ನಿಮ್ಮ ತಪ್ಪೇನಿತ್ತು ಅಂತ ಕೇಳಿದರೆ ಉತ್ತರವಿಲ್ಲ. "ಸರ್ಕಾರದವರು ಕೇಳಿದ್ರು, ಕಟ್ಟಿದೆ" ಅಷ್ಟೇ.

ಈ ಸಲದ ಸಂಪಾದಕೀಯವನ್ನು ಪೂರಾ ಇದಕ್ಕೇ ಮೀಸಲಿಟ್ಟಿದ್ದೇವೆ. ಬಾಕಿ ಇದೆ ಅನ್ನುವವನು ಬಾಕಿಯನ್ನು ಸಾಬೀತು ಮಾಡಬೇಕು. ಅಲ್ಲಿಯವರೆಗೆ ನೀವು ಬಾಕಿದಾರರಲ್ಲ.

ಈ ಹಣ ಹೇಗೆ ಬಂತು ಅನ್ನೋದನ್ನ ನೆನಪು ಮಾಡಿಕೊಳ್ಳಿ. ರೈತ ಕೇಳಿದ್ದು ಬೆಳೆಗೆ ಬೆಲೆ. ದಿಲ್ಲಿ ಕೊಟ್ಟದ್ದು ವರ್ಷಕ್ಕೆ 6000 ರೂಪಾಯಿ. 2019ರ ಫೆಬ್ರವರಿ 1ರ ಬಜೆಟ್ಟಿನಲ್ಲಿ ಯೋಜನೆ ಹೇಳಿದರು. ಫೆಬ್ರವರಿ 24ಕ್ಕೆ ಗೋರಖಪುರದಲ್ಲಿ ಪ್ರಧಾನಿಯವರು ಉದ್ಘಾಟನೆ ಮಾಡಿ, ಅದೇ ದಿನ ಒಂದು ಕೋಟಿಗೂ ಮೀರಿದ ಖಾತೆಗಳಿಗೆ ಮೊದಲ ಕಂತು ಹಾಕಿಸಿದರು. ಮಾರ್ಚ್ 10ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಬಜೆಟ್ಟಿಗೂ ಮೊದಲ ಕಂತಿಗೂ ನಡುವೆ ಇದ್ದದ್ದು 23 ದಿನ! ಅಪ್ಪ ತೀರಿಕೊಂಡ ಮೇಲೆ ಒಂದು ಪೌತಿ ಖಾತೆ ಮಾಡಿಸೋಕೆ ನಾಡಕಚೇರಿಗೆ ಎಷ್ಟು ತಿಂಗಳು ಅಲೆಯುತ್ತೇವೆ ಅಂತ ನಿಮಗೇ ಗೊತ್ತು. ಅಂಥಾ ಸರ್ಕಾರಿ ಯಂತ್ರ 23 ದಿನದಲ್ಲಿ ಕೋಟಿ ಜನರ ಅರ್ಹತೆ ಪರಿಶೀಲಿಸಿತು ಅಂದರೆ ನಂಬುವವರು ಯಾರು? ಮೊದಲ ಕಂತಿಗೆ ಆಧಾರ್ ಕೂಡ ಕಡ್ಡಾಯವಿರಲಿಲ್ಲ. ಅವತ್ತು ಕೊಡೋದಕ್ಕೆ ಅವಸರ ಇತ್ತು. ನೋಡಿ ಕೊಡಬೇಕು ಅನ್ನೋ ಯೋಚನೆ ಬಂದದ್ದು ಕೊಟ್ಟ ಮೇಲೆ.

ಮೊದಲು ಎರಡು ಹೆಕ್ಟೇರು, ಅಂದರೆ ಐದು ಎಕರೆಯೊಳಗಿನವರಿಗೆ ಮಾತ್ರ ಅಂದರು. ಚುನಾವಣೆ ಗೆದ್ದ ಮೇಲೆ 2019ರ ಜೂನ್ 1ರಿಂದ ಭೂಮಿ ಇರುವ ಎಲ್ಲರಿಗೂ ಅಂದರು. ಗೇಣಿಗೆ ಮಾಡುವವನಿಗೆ ಅವತ್ತೂ ಇಲ್ಲ, ಆಮೇಲೂ ಇಲ್ಲ. ನಮ್ಮ ರಾಜ್ಯ ಸರ್ಕಾರ ಅದೇ ವರ್ಷ ತನ್ನದೂ 4000 ಸೇರಿಸಿತು, 2023ರಲ್ಲಿ ಇನ್ನೊಂದು ಸರ್ಕಾರ ಬಂದು ಅದನ್ನ ನಿಲ್ಲಿಸಿತು. ಕೊಡೋದೂ ಅವರಿಷ್ಟ, ಬಿಡೋದೂ ಅವರಿಷ್ಟ. ಈಗ ವಾಪಸ್ ಕೇಳೋದೂ ಅವರಿಷ್ಟ ಆಗಬೇಕೇ ಅನ್ನೋದೇ ಪ್ರಶ್ನೆ.

2021ರ ಜುಲೈನಲ್ಲಿ ಆಗಿನ ಕೃಷಿ ಸಚಿವ ನರೇಂದ್ರ ಸಿಂಗ್ ತೋಮರ್ ಲೋಕಸಭೆಯಲ್ಲಿ ಲೆಕ್ಕ ಕೊಟ್ಟರು. ದೇಶದಲ್ಲಿ 42 ಲಕ್ಷಕ್ಕೂ ಹೆಚ್ಚು ಅನರ್ಹರು, ಅವರಿಂದ ಬರಬೇಕಾದ್ದು ಸುಮಾರು 2992 ಕೋಟಿ ರೂಪಾಯಿ. ಭಾಗಿಸಿ ನೋಡಿ, ತಲೆಗೆ ಏಳು ಸಾವಿರ ಚಿಲ್ಲರೆ ಬರುತ್ತೆ. 2025ರ ಮೊದಲ ತಿಂಗಳುಗಳಲ್ಲಿ ಸಂಸತ್ತಿಗೆ ಹೇಳಿದ ಪ್ರಕಾರ ಅಲ್ಲಿವರೆಗೆ ವಸೂಲಾದದ್ದು 416 ಕೋಟಿ. ಅಂದರೆ ತಗಾದೆ ಇನ್ನೂ ಮುಗಿಯುವ ಹಂತದಲ್ಲಿಲ್ಲ. ಇವತ್ತು ಪಕ್ಕದ ಮನೆಗೆ ಬಂದ ಕಾಗದ ನಾಳೆ ನಿಮ್ಮ ಮನೆಗೂ ಬರಬಹುದು.

ಹಾಗಾದರೆ ಯಾರು ಅನರ್ಹರು? ಇದನ್ನ ಎಲ್ಲರೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ನಿಯಮದ ಪ್ರಕಾರ ಸಂಸ್ಥೆಗಳ ಹೆಸರಿನ ಭೂಮಿಗೆ ಇಲ್ಲ. ಹಾಲಿ ಮಾಜಿ ಮಂತ್ರಿ, ಶಾಸಕ, ಸಂಸದ, ಮೇಯರ್, ಜಿಲ್ಲಾ ಪಂಚಾಯತಿ ಅಧ್ಯಕ್ಷರಿಗೆ ಇಲ್ಲ. ಹಾಲಿ ಮತ್ತು ನಿವೃತ್ತ ಸರ್ಕಾರಿ ನೌಕರರಿಗೆ ಇಲ್ಲ, ಆದರೆ ಡಿ ಗುಂಪಿನವರಿಗೆ ಉಂಟು. ತಿಂಗಳಿಗೆ ಹತ್ತು ಸಾವಿರ ಮತ್ತು ಅದಕ್ಕೆ ಮೀರಿ ಪಿಂಚಣಿ ಬರುವ ನಿವೃತ್ತರಿಗೆ ಇಲ್ಲ, ಅಲ್ಲೂ ಡಿ ಗುಂಪಿಗೆ ವಿನಾಯಿತಿ. ವೃತ್ತಿ ನಡೆಸುವ ಡಾಕ್ಟರು, ಇಂಜಿನಿಯರು, ವಕೀಲರು, ಲೆಕ್ಕಪರಿಶೋಧಕರಿಗೆ ಇಲ್ಲ. ಮತ್ತೆ, ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ. ಕುಟುಂಬ ಅಂದರೆ ಗಂಡ, ಹೆಂಡತಿ, ಹದಿನೆಂಟು ತುಂಬದ ಮಕ್ಕಳು. ಇಷ್ಟೇ.

ಗೋಜಲು ಇರೋದು ಈ ಕೊನೆಯ ತೆರಿಗೆಯ ಮಾತಿನಲ್ಲಿ. "ಆದಾಯ ತೆರಿಗೆ ಕಟ್ಟಿದವರು" ಅಂತ ನಿಯಮ ಹೇಳುತ್ತೆ. "ರಿಟರ್ನ್ ಸಲ್ಲಿಸಿದವರು" ಅಂತ ಹೇಳಿಲ್ಲ. ಇವೆರಡಕ್ಕೂ ಅಜಗಜಾಂತರ ಇದೆ. ಟ್ರ್ಯಾಕ್ಟರ್ ಸಾಲಕ್ಕೆ ಹೋದರೆ ಸಾಲ ಕೊಡುವವನು ಮೂರು ವರ್ಷದ ರಿಟರ್ನ್ ತಗೊಂಡು ಬಾ ಅಂತಾನೆ. ರೈತ ಪೇಟೆಯ ಲೆಕ್ಕದವನಿಗೆ ಐನೂರೋ ಸಾವಿರವೋ ಕೊಟ್ಟು ಬರೆಸ್ತಾನೆ. ತೆರಿಗೆ ಸೊನ್ನೆ. ಆದರೆ ಕಂಪ್ಯೂಟರಿನಲ್ಲಿ ಅವನ ಪ್ಯಾನ್ ನಂಬರು ಕೂತಿರುತ್ತೆ. ಇನ್ನೊಬ್ಬನದು ಹೆದ್ದಾರಿಗೋ ಕಾಲುವೆಗೋ ಭೂಮಿ ಹೋಗಿದೆ, ಕೋರ್ಟಿನಲ್ಲಿ ಹೆಚ್ಚುವರಿ ಪರಿಹಾರ ಆಗಿದೆ, ಅದರ ಬಡ್ಡಿಯ ಮೇಲೆ ಟಿಡಿಎಸ್ ಅಂತ ಮುರಿದುಕೊಂಡಿದ್ದಾರೆ. ಅವನು ರಿಟರ್ನ್ ಹಾಕಿ ಆ ಹಣವನ್ನೆಲ್ಲ ವಾಪಸ್ ಪಡೆದಿದ್ದರೆ ಅವನು ತೆರಿಗೆ ಕಟ್ಟಿದವನು ಹೇಗಾಗ್ತಾನೆ? ಪಟ್ಟಿ ಮಾಡುವವರು ಆಧಾರ್ ನಂಬರಿಗೂ ತೆರಿಗೆ ಇಲಾಖೆಯ ದಾಖಲೆಗೂ ತಾಳೆ ಹಾಕುವಾಗ ಈ ವ್ಯತ್ಯಾಸ ನೋಡಿದ್ದಾರೆಯೇ ಇಲ್ಲವೇ ಅನ್ನೋದನ್ನ ಕೇಳಿ ತಿಳಿಯುವ ಹಕ್ಕು ನಿಮಗಿದೆ.

ಮತ್ತೊಂದು ಉಂಟು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ವಯಸ್ಸಿಗೆ ಬಂದ ಮಗ ತೆರಿಗೆ ಕಟ್ಟಿದರೆ ಊರಿನಲ್ಲಿರುವ ಅಪ್ಪ ಅನರ್ಹನಾಗೋದಿಲ್ಲ. ಮಗ ಬೇರೆ ಕುಟುಂಬ. ಇದನ್ನ ಕೇಳದೆ ಕಟ್ಟಿ ಬಂದ ಅಪ್ಪಂದಿರನ್ನ ನಾವು ಕಂಡಿದ್ದೇವೆ. ಹಾಗೆಯೇ, ಒಬ್ಬ ಒಂದು ವರ್ಷ ಏನೋ ಭೂಮಿ ಸೈಟು ಮಾರಿ ತೆರಿಗೆ ಕಟ್ಟಿರಬಹುದು. ಅದನ್ನೇ ಹಿಡಿದು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಎಲ್ಲವನ್ನೂ ವಾಪಸ್ ಕೇಳಿದರೆ ಅದು ನಿಯಮ ಅಲ್ಲ. ಯಾವ ವರ್ಷದ ತೆರಿಗೆ, ಅದಕ್ಕೆ ಸೇರಿದ ಕಂತು ಯಾವುದು, ಬಿಡಿಸಿ ಹೇಳಲಿ.

ಇದನ್ನ ಓದಿ ಯಾರೂ ತಪ್ಪು ತಿಳಿಯಬೇಡಿ. ಪಟ್ಟಣದಲ್ಲಿ ನರ್ಸಿಂಗ್ ಹೋಂ ಇಟ್ಟುಕೊಂಡು ಊರಿನಲ್ಲಿ ನಾಕೆಕರೆ ಹೆಸರಿಗಿರುವ ಡಾಕ್ಟರು ಈ ಹಣ ತಗೊಂಡಿದ್ದರೆ ಕಟ್ಟಲಿ. ಅರ್ಜಿಯಲ್ಲಿ ಸುಳ್ಳು ಬರೆದುಕೊಟ್ಟ ಗೆಜೆಟೆಡ್ ಅಧಿಕಾರಿ ಇದ್ದರೆ ಅವನೂ ಕಟ್ಟಲಿ. ಅಂಥವರ ಪರವಾಗಿ ಹಸಿರು ಟವೆಲ್ ಹಾಕಿಕೊಂಡು ತಾಲ್ಲೂಕು ಕಚೇರಿ ಮುಂದೆ ಕೂರೋದಕ್ಕೆ ನಮಗೇನೂ ಕರ್ಮವಿಲ್ಲ. ತಪ್ಪಾಗಿ ಪಾವತಿಯಾದ ಹಣ ಹಿಂತಿರುಗಿಸಬೇಕು ಅಂತ 1872ರ ಕರಾರು ಕಾಯಿದೆಯ 72ನೇ ಕಲಮೇ ಹೇಳುತ್ತೆ. ಆದರೆ ತಪ್ಪಾಗಿದೆ ಅನ್ನೋದು ಮೊದಲು ಗೊತ್ತಾಗಬೇಕಲ್ಲ! ಅದು ಗೊತ್ತಾಗೋದು ವಿಚಾರಣೆಯಿಂದ. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಅಲ್ಲ.

ಪಟ್ಟಿಗಳು ಎಷ್ಟು ಸರಿ ಇರ್ತವೆ ಅನ್ನೋದಕ್ಕೆ ಸರ್ಕಾರದ್ದೇ ಸಾಕ್ಷಿ ಇದೆ. 2008ರಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಮಾಡಿತಲ್ಲ, ಅದನ್ನ ಪರಿಶೀಲಿಸಿದ ಮಹಾಲೇಖಪಾಲರು 2013ರಲ್ಲಿ ಸಂಸತ್ತಿಗೆ ವರದಿ ಕೊಟ್ಟರು. ಮನ್ನಾ ಸಿಕ್ಕಿದ 80,299 ಖಾತೆಗಳನ್ನ ತೆಗೆದು ನೋಡಿದರೆ ಶೇ 8.5ರಷ್ಟು ಅನರ್ಹರಿಗೆ ಹೋಗಿತ್ತು. ಇದನ್ನ ಹಿಡಿದು ಪತ್ರಿಕೆಗಳು ದೊಡ್ಡದಾಗಿ ಬರೆದವು, ವಸೂಲಿ ಮಾಡಿ ಅಂತ ಬ್ಯಾಂಕುಗಳಿಗೆ ಆದೇಶವೂ ಹೋಯಿತು. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇತ್ತು. ಮನ್ನಾ ಸಿಗದ 9,334 ಖಾತೆಗಳನ್ನ ನೋಡಿದರೆ ಅದರಲ್ಲಿ 1,257 ಜನ, ಅಂದರೆ ಶೇ 13.46ರಷ್ಟು, ಪೂರ್ತಿ ಅರ್ಹರು. ಬ್ಯಾಂಕಿನವರು ಅವರನ್ನ ಪಟ್ಟಿಗೇ ಸೇರಿಸಿರಲಿಲ್ಲ. "ಸ್ವಾಮಿ, ನಮ್ಮಿಂದ ತಪ್ಪಾಯಿತು, ನಿಮಗೆ ಬರಬೇಕಾದ್ದನ್ನ ಬಡ್ಡಿ ಸಮೇತ ತಗೊಳ್ಳಿ" ಅಂತ ಅವರ ಮನೆ ಬಾಗಿಲಿಗೆ ನೋಟೀಸು ಹಿಡಿದು ಯಾರಾದರೂ ಬಂದರೇ? ತಪ್ಪು ರೈತನ ಕಡೆಗೆ ವಾಲಿದರೆ ವಸೂಲಿ, ರೈತನ ವಿರುದ್ಧ ವಾಲಿದರೆ ಮೌನ.

ಕಿಸಾನ್ ಸಮ್ಮಾನಿನಲ್ಲೂ ಅದೇ ಕತೆ. 2022ರಲ್ಲಿ ಇ-ಕೆವೈಸಿ, ಪಹಣಿ ಜೋಡಣೆ, ಆಧಾರ್ ಜೋಡಣೆ ಅಂತ ಬಿಗಿ ಮಾಡಿದಾಗ, ಮೇ ತಿಂಗಳ ಕಂತಿನಲ್ಲಿ ಹತ್ತು ಕೋಟಿಗೂ ಮೀರಿದ್ದ ರೈತರ ಸಂಖ್ಯೆ ಅಕ್ಟೋಬರ್ ಕಂತಿಗೆ ಎಂಟು ಕೋಟಿ ಚಿಲ್ಲರೆಗೆ ಇಳಿಯಿತು. ಬಿಟ್ಟುಹೋದವರೆಲ್ಲ ಅನರ್ಹರೇ? ಬೆರಳಚ್ಚು ಮೂಡದ ಮುದುಕರು, ಅಪ್ಪನ ಹೆಸರಿನಲ್ಲೇ ಪಹಣಿ ಇರುವವರು, ಒಂದು ಕಡೆ ಗೌಡ ಅಂತಲೂ ಇನ್ನೊಂದು ಕಡೆ ಬರೀ ಹೆಸರೂ ಇರುವವರು, ಇವರಿಗೆ ತಪ್ಪಿದ ಕಂತುಗಳ ಲೆಕ್ಕ ಕೇಳುವವರು ಯಾರು? 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲೇ ಬಿಪಿಎಲ್ ಕಾರ್ಡುಗಳನ್ನ ರದ್ದು ಮಾಡಿ, ಊರೂರಲ್ಲಿ ಕೂಗೆದ್ದ ಮೇಲೆ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನ ಬಿಟ್ಟು ಉಳಿದವರಿಗೆ ಕಾರ್ಡು ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಕೂಗದೆ ಸುಮ್ಮನಿದ್ದಿದ್ದರೆ?

ಈಗ ಸುಪ್ರೀಂ ಕೋರ್ಟಿನ ಮಾತಿಗೆ ಬರೋಣ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಮೊಕದ್ದಮೆಯಲ್ಲಿ 2014ರ ಡಿಸೆಂಬರ್ 18ರಂದು ಒಂದು ತೀರ್ಪಾಯಿತು. ತನ್ನದೇ ತಪ್ಪಿನಿಂದ ಹೆಚ್ಚು ಸಂಬಳ ಕೊಟ್ಟ ಸರ್ಕಾರ ಅದನ್ನ ಕೆಳದರ್ಜೆಯ ನೌಕರರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಮೀರಿ ಹೀಗೆ ಕೊಡುತ್ತಾ ಬಂದಿದ್ದರೆ, ಅಥವಾ ವಸೂಲಿ ಮಾಡುವುದು ತೀರಾ ಕಠಿಣವಾಗುವ ಸಂದರ್ಭದಲ್ಲಿ ಕಿತ್ತುಕೊಳ್ಳಕೂಡದು ಎಂದು. 2022ರ ಮೇ 2ರಂದು ಥಾಮಸ್ ಡೇನಿಯಲ್ ಎಂಬ ಕೇರಳದ ಶಿಕ್ಷಕರ ಮೊಕದ್ದಮೆಯಲ್ಲೂ ಅದೇ ದಾರಿ. ಆ ತೀರ್ಪು ಬರೆದ ನ್ಯಾಯಮೂರ್ತಿ ಅಬ್ದುಲ್ ನಜೀರ್ ನಮ್ಮ ದಕ್ಷಿಣ ಕನ್ನಡದವರು. ನೌಕರ ಮೋಸ ಮಾಡಿಲ್ಲ, ಸುಳ್ಳು ಹೇಳಿಲ್ಲ, ಸರ್ಕಾರವೇ ನಿಯಮವನ್ನ ತಪ್ಪಾಗಿ ತಿಳಿದು ಕೊಟ್ಟಿದೆ ಅಂದ ಮೇಲೆ ವಸೂಲಿ ಸಲ್ಲದು. ಇದು ಹಕ್ಕಿನ ಮಾತಲ್ಲ, ನ್ಯಾಯದ ಮಾತು ಅಂತಲೂ ಕೋರ್ಟು ಹೇಳಿದೆ. ಇವೆರಡೂ ನೌಕರರ ಮೊಕದ್ದಮೆಗಳು, ರೈತರವಲ್ಲ. ಆದ್ದರಿಂದ ಇವನ್ನ ತೋರಿಸಿದ ಕೂಡಲೇ ನಿಮ್ಮ ನೋಟೀಸು ಬಿದ್ದುಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ತಿಂಗಳು ತಿಂಗಳು ಸಂಬಳ ಬರುವವನಿಂದ ಕಿತ್ತುಕೊಳ್ಳೋದು ಕ್ರೂರ ಅನ್ನೋದಾದರೆ, ಮಳೆ ನಂಬಿ ಬದುಕುವವನಿಂದ ಕಿತ್ತುಕೊಳ್ಳೋದು ಏನು ಅಂತ ಕೇಳೋದಕ್ಕೆ ಇವು ಆಧಾರ. ನಿಮ್ಮ ಉತ್ತರದಲ್ಲಿ ಎರಡೂ ಹೆಸರು ಬರೆಯಿರಿ.

ಇನ್ನು ಬೆದರಿಕೆಯ ವಿಷಯ. "ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲಾಗುವುದು" ಅನ್ನೋ ಸಾಲು ಓದಿದ ಕೂಡಲೇ ನಮ್ಮವರ ಎದೆ ನಡುಗುತ್ತೆ. ಜಪ್ತಿ, ಹರಾಜು ಕಂಡ ಜನ ನಾವು. ಆದರೆ ಸರ್ಕಾರಕ್ಕೆ ಬರಬೇಕಾದ ಎಲ್ಲ ಹಣವನ್ನೂ ಸುಮ್ಮನೆ ಕಂದಾಯದ ಬಾಕಿ ಅನ್ನೋಕಾಗಲ್ಲ. ಹಾಗೆ ವಸೂಲಿ ಮಾಡಬಹುದು ಅಂತ ಒಂದು ಕಾಯಿದೆ ಹೇಳಿರಬೇಕು. ಕಿಸಾನ್ ಸಮ್ಮಾನ್ ನಡೆಯೋದು ಸಂಸತ್ತು ಮಾಡಿದ ಪ್ರತ್ಯೇಕ ಕಾಯಿದೆಯಿಂದಲ್ಲ, ಇಲಾಖೆಯ ಮಾರ್ಗಸೂಚಿಯಿಂದ. ಯಾವ ಕಾಯಿದೆ, ಯಾವ ಕಲಮು ಅಂತ ಬರವಣಿಗೆಯಲ್ಲಿ ಕೇಳಿ.

1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನಲ್ಲಿ ಏನಾಯಿತು ಅನ್ನೋದು ಹಿರಿಯರಿಗೆ ಗೊತ್ತಿದೆ. ನೀರು ಹರಿಯದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟು ಅಂದರು. ನಿಮಗೆ ಅನುಕೂಲ ಮಾಡಿಕೊಟ್ಟಿದ್ದೇವೆ, ಅದರ ಬಾಕಿ ಕೊಡಿ ಅನ್ನೋದು ಅವತ್ತಿನ ವಾದ. ಎಲ್ಲಿದೆ ಅನುಕೂಲ, ತೋರಿಸಿ ಅಂದದ್ದು ರೈತನ ವಾದ. ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗುಂಡು ಹಾರಿದವು. ಅಲ್ಲಿಂದ ಎದ್ದ ಚಳವಳಿಯೇ ಊರ ಬಾಗಿಲಲ್ಲಿ ಬೋರ್ಡು ನೆಟ್ಟಿತು, ಜಪ್ತಿಯಾದ ಪಾತ್ರೆ ಪಗಡೆಯನ್ನ ಮರುಜಪ್ತಿ ಮಾಡಿ ತಂದಿತು. ಅವತ್ತಿನ ಅಮೀನ ಹಗಲಲ್ಲಿ ಎದುರಿಗೆ ಬರ್ತಿದ್ದ, ನಿಲ್ಲಿಸಿ ಮಾತಾಡಬಹುದಿತ್ತು. ಈಗಿನದು ಕಂಪ್ಯೂಟರಿನ ಪಟ್ಟಿ. ಅದಕ್ಕೆ ಬೋರ್ಡು ಓದೋಕೆ ಬರಲ್ಲ. ಆದ್ದರಿಂದ ಈಗ ಕಾಗದಕ್ಕೆ ಕಾಗದ ಕೊಡೋದನ್ನೂ ಕಲಿಯಬೇಕು.

ಬಾಕಿಯ ಲೆಕ್ಕ ತೆಗೆಯೋದೇ ಆದರೆ ಪೂರ್ತಿ ತೆಗೆಯಲಿ. 2018ರಲ್ಲಿ ಒಇಸಿಡಿ ಮತ್ತು ದಿಲ್ಲಿಯ ಇಕ್ರಿಯರ್ ಸಂಸ್ಥೆ ಸೇರಿ ಒಂದು ಅಧ್ಯಯನ ಪ್ರಕಟಿಸಿದವು. 2000-01ರಿಂದ 2016-17ರವರೆಗೆ ರಫ್ತು ನಿಷೇಧ, ದಾಸ್ತಾನು ಮಿತಿ ಮುಂತಾದ ಸರ್ಕಾರಿ ನೀತಿಗಳಿಂದ, ಸಬ್ಸಿಡಿಗಳನ್ನೆಲ್ಲ ಸೇರಿಸಿಕೊಂಡ ಮೇಲೂ, ಭಾರತದ ರೈತನ ವರಮಾನಕ್ಕೆ ವರ್ಷಕ್ಕೆ ಸರಾಸರಿ ಶೇ 14ರಷ್ಟು ಖೋತಾ ಆಗಿದೆ ಅನ್ನೋದು ಅದರ ಲೆಕ್ಕ. ಹದಿನೇಳು ವರ್ಷದ್ದು ಕೂಡಿದರೆ 45 ಲಕ್ಷ ಕೋಟಿ ರೂಪಾಯಿ. ಇದು ನಮ್ಮ ಸಂಘದವರು ವೇದಿಕೆಯಲ್ಲಿ ಕೂಗಿದ ಅಂಕಿ ಅಲ್ಲ. ಬಾಕಿದಾರ ಯಾರು ಅನ್ನೋ ಪ್ರೊ. ನಂಜುಂಡಸ್ವಾಮಿಯವರ ಹಳೇ ವಾದಕ್ಕೆ ಅರ್ಥಶಾಸ್ತ್ರಜ್ಞರು ಹಾಕಿದ ಮೊಹರು. ಅತ್ತ, 2014-15ರಿಂದ 2023-24ರವರೆಗೆ ಹತ್ತು ವರ್ಷದಲ್ಲಿ ಬ್ಯಾಂಕುಗಳು 16.35 ಲಕ್ಷ ಕೋಟಿಯ ಸಾಲವನ್ನ ಪುಸ್ತಕದಿಂದ ತೆಗೆದುಹಾಕಿವೆ ಅಂತ 2025ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಒಪ್ಪಿದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ದೊಡ್ಡ ಉದ್ಯಮಗಳದ್ದು. ಅದು ಮನ್ನಾ ಅಲ್ಲ, ವಸೂಲಿ ನಡೀತಾ ಇರುತ್ತೆ ಅಂತಾರೆ. ಆಗಲಿ. ನಮ್ಮ ಎರಡು ಸಾವಿರವನ್ನೂ ಹಾಗೇ ಪುಸ್ತಕದಿಂದ ತೆಗೆದು, ವಸೂಲಿ ನಿಧಾನಕ್ಕೆ ನಡೀತಾ ಇರಲಿ! 2019ರಲ್ಲಿ ನಿಗದಿಯಾದ 6000 ರೂಪಾಯಿ 2025ರ ಬಜೆಟ್ಟಿನಲ್ಲೂ ಅಷ್ಟೇ ಇತ್ತು. 12,000ಕ್ಕೆ ಏರಿಸಿ ಅಂತ 2024ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಹೇಳಿದ್ದು ಆ ಬಜೆಟ್ಟಿನ ಕಿವಿಗೆ ಬೀಳಲಿಲ್ಲ.

ಮತ್ತೆ, ಅವರು ಇಟ್ಟ ಹೆಸರು ನೋಡಿ, ಸಮ್ಮಾನ. ಸಭೆ ಕರೆದು ಶಾಲು ಹೊದಿಸಿದವರು ಆರು ವರ್ಷ ಬಿಟ್ಟು ಬಂದು, ಊರ ಬೀದಿಯಲ್ಲಿ ನಿಲ್ಲಿಸಿ, ಆ ಶಾಲು ನಿನಗಲ್ಲ ಬಿಚ್ಚು ಅಂದರೆ ಅದನ್ನ ಏನಂತ ಕರೀಬೇಕು?

ನೋಟೀಸು ಬಂದರೆ ಏನು ಮಾಡಬೇಕು ಅಂತ ಕೇಳಿ ಪತ್ರ ಬರೆದವರಿಗೆ ಇಲ್ಲೇ ಉತ್ತರ. ನೋಟೀಸನ್ನ ಹರಿಯಬೇಡಿ, ಬೇಡ ಅಂತ ಹಿಂದಕ್ಕೂ ಕಳಿಸಬೇಡಿ. ತಗೊಂಡು, ಬಂದ ತಾರೀಕನ್ನ ಅದರ ಹಿಂದೆ ಬರೆದಿಡಿ. ಬಾಯಲ್ಲಿ ಕೇಳಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ. "ತಪ್ಪಾಗಿ ಪಡೆದಿದ್ದೇನೆ" ಅಂತ ಅಚ್ಚಾಗಿರುವ ಯಾವ ಹಾಳೆಗೂ ಸಹಿ, ಹೆಬ್ಬೆಟ್ಟು ಹಾಕಬೇಡಿ. ಆಮೇಲೆ ಒಂದು ಹಾಳೆ ತಗೊಂಡು ಹೀಗೆ ಬರೆಯಿರಿ: ನಾನು ಯಾವ ನಿಯಮದ ಪ್ರಕಾರ ಅನರ್ಹ, ಯಾವ ವರ್ಷದ ಯಾವ ಕಂತಿಗೆ, ಅದಕ್ಕೆ ಆಧಾರವಾದ ದಾಖಲೆ ಯಾವುದು, ಅದರ ನಕಲು ಕೊಡಿ, ನನ್ನನ್ನು ಕರೆದು ವಿಚಾರಿಸಿ, ಅಲ್ಲಿಯವರೆಗೆ ವಸೂಲಿ ತಡೆಹಿಡಿಯಿರಿ. ಎರಡು ಪ್ರತಿ ಮಾಡಿ, ಒಂದನ್ನ ಕೊಟ್ಟು ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಿಟರ್ನ್ ಹಾಕಿದವರು ಅದರ ಸ್ವೀಕೃತಿ ಪ್ರತಿಯನ್ನೂ, ತೆರಿಗೆ ಸೊನ್ನೆ ಅಥವಾ ವಾಪಸ್ ಬಂದಿದೆ ಅಂತ ತೋರಿಸುವ ಹಾಳೆಯನ್ನೂ ಜೊತೆಗಿಡಿ. ಪಾಸ್ ಬುಕ್ಕಿನಲ್ಲಿ ಬಂದ ಕಂತುಗಳನ್ನ ನೀವೇ ಎಣಿಸಿ, ಬಾರದ ಕಂತಿಗೂ ಲೆಕ್ಕ ಕೇಳಿರುವುದು ಉಂಟು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, ಮೂವತ್ತು ದಿನದೊಳಗೆ ಅವರು ಉತ್ತರಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು, ರಾಮಾಯಣ ಬರೆದು ತಿರಸ್ಕಾರ ಮಾಡಿಸಿಕೊಳ್ಳಬೇಡಿ. ಬ್ಯಾಂಕಿನವರು ಹೇಳದೆ ಕೇಳದೆ ಖಾತೆಯಿಂದ ಮುರಿದುಕೊಂಡಿದ್ದರೆ ಯಾರ ಆದೇಶ ಅಂತ ಬರವಣಿಗೆಯಲ್ಲಿ ದೂರು ಕೊಡಿ, ತಿಂಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗಲಿ. ಕೋರ್ಟಿನ ಮಾತು ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ವರಮಾನ ನೋಡದೆ ಬಿಟ್ಟಿ ವಕೀಲರನ್ನ ಕೊಡುತ್ತಾರೆ. ಹೆಂಡತಿ ಹೆಸರಿನಲ್ಲಿ ಪಹಣಿ ಇರುವವರು ಇದನ್ನ ನೆನಪಿಡಿ.

ನಿಜವಾಗಿಯೂ ಕಟ್ಟಬೇಕಾಗಿದೆ ಅಂತ ವಿಚಾರಣೆಯಲ್ಲಿ ಗೊತ್ತಾದವರು ಸುಗ್ಗಿಯವರೆಗೆ ಗಡುವು ಮತ್ತು ಕಂತು ಕೇಳಿ, ಕಟ್ಟಿದ್ದಕ್ಕೆ ರಸೀತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಯಾರ ಕೈಯಲ್ಲೂ ನಗದು ಕೊಡಬೇಡಿ.

ಒಂದೇ ಊರಲ್ಲಿ ನಾಲ್ಕೈದು ಜನಕ್ಕೆ ಬಂದಿದ್ದರೆ ಒಬ್ಬೊಬ್ಬರೇ ಹೋಗಬೇಡಿ, ಒಂದು ದಿನ ಗೊತ್ತುಮಾಡಿ ಒಟ್ಟಿಗೆ ಹೋಗಿ. ನೋಟೀಸಿನ ನಕಲನ್ನ ನಮ್ಮ ಪತ್ರಿಕೆಯ ವಿಳಾಸಕ್ಕೂ ಕಳಿಸಿಕೊಡಿ. ತಾಲ್ಲೂಕುವಾರು ಜೋಡಿಸಿ ಕೃಷಿ ಇಲಾಖೆಯ ಮುಂದೆ ಇಡುತ್ತೇವೆ. ಮೂಲ ಪ್ರತಿ ಮಾತ್ರ ನಿಮ್ಮ ಹತ್ತಿರವೇ ಇರಲಿ.